ಎರಡು ವರ್ಷ ಹೊತ್ತು ತಿರುಗಿದ ಲೈಫ್ ಜಾಕೆಟ್: ನಾಲ್ಕು ಸ್ಟಾರ್, ಒಂದು ಕಟ್ ಆಗಿದ್ದು ಸೀಟಿಯಿಂದ

ಮೊದಲೇ ಹೇಳಿಬಿಡುತ್ತೇನೆ, ನಾನು ಮೀನುಗಾರನೂ ಅಲ್ಲ, ದೊಡ್ಡ ಈಜುಗಾರನೂ ಅಲ್ಲ. ಶಿರಸಿ ಕಡೆಯ ಅಡಿಕೆ ತೋಟದವನು. ಕೆರೆಯಲ್ಲಿ ಹತ್ತು ಮಾರು ಈಜಿದರೆ ಏದುಸಿರು ಬರುತ್ತದೆ. ಆದರೂ ಸ್ವಂತಕ್ಕೆ ಅಂತ ಒಂದು ಲೈಫ್ ಜಾಕೆಟ್ ಇಟ್ಟುಕೊಂಡಿದ್ದೇನೆ. ಕಾರಿನ ಡಿಕ್ಕಿಯಲ್ಲಿ, ಛತ್ರಿ ಪಕ್ಕದಲ್ಲಿ ಇರುತ್ತದೆ. ದೋಣಿ ಹತ್ತುವ ಕಡೆಯೆಲ್ಲ ಹೊತ್ತುಕೊಂಡು ಹೋಗುತ್ತೇನೆ. ಜನ ನಗುತ್ತಾರೆ, ನಗಲಿ. 2,650 ರೂಪಾಯಿ ಕೊಟ್ಟಿದ್ದೇನೆ, ಎರಡು ವರ್ಷ ಬಳಸಿದ್ದೇನೆ, ರಿವ್ಯೂ ಬರೆಯುವ ಹಕ್ಕಿದೆ ಅಲ್ವಾ.

ಕೊಂಡಿದ್ದು ಯಾಕೆ ಅಂದರೆ ಗೋಕರ್ಣ. ನವೆಂಬರ್ ತಿಂಗಳು, ಪ್ಯಾರಡೈಸ್ ಬೀಚಿನಿಂದ ಓಂ ಬೀಚಿಗೆ ವಾಪಸ್ ಬರಬೇಕು. ಗುಡ್ಡ ಹತ್ತಿ ಇಳಿದು ನಡೆದು ಬರುವ ದಾರಿಯೂ ಇದೆ, ಆದರೆ ಕತ್ತಲಾಗುತ್ತಿತ್ತು, ಹೆಂಡತಿಗೆ ಕಾಲು ಉಳುಕಿತ್ತು, ಆರು ವರ್ಷದ ಮಗಳು ನಿದ್ದೆಗಣ್ಣಲ್ಲಿ ಇದ್ದಳು, ಹಾಗಾಗಿ ದೋಣಿ. ಎಂಟು ಜನ ಕೂರುವ ಫೈಬರ್ ದೋಣಿಯಲ್ಲಿ ಹದಿಮೂರು ಜನ. ಲೈಫ್ ಜಾಕೆಟ್ ಎಲ್ಲಿ ಅಂತ ಕೇಳಿದೆ. ಮೂತಿಯ ಹತ್ತಿರ ಒಂದು ರಾಶಿ ತೋರಿಸಿದರು. ಐದಾರು ಜಾಕೆಟ್ಟು, ಎಲ್ಲಾ ಸೇರಿಸಿ ಹಗ್ಗ ಹಾಕಿ ಬಿಗಿಯಾಗಿ ಕಟ್ಟಿಟ್ಟಿದ್ದಾರೆ, ಅದರ ಮೇಲೆ ಒಬ್ಬ ಹುಡುಗ ಕೂತಿದ್ದಾನೆ. "ಐದೇ ನಿಮಿಷ ಸಾರ್, ಸುಮ್ನೆ ಕೂತ್ಕೊಳ್ಳಿ, ಏನೂ ಆಗಲ್ಲ."

ಬಂಡೆ ದಾಟಿ ಹೊರಗೆ ಬಂದಿದ್ದೇ ತಡ, ಎಡಗಡೆಯಿಂದ ಅಲೆ. ಒಳಗೆ ಕೊಲ್ಲಿಯಲ್ಲಿ ನೀರು ತಟ್ಟೆಯ ಹಾಗೆ ಇತ್ತು, ಹೊರಗೆ ಹಾಗಲ್ಲ. ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಏಳುತ್ತದೆ, ಸಂಜೆವರೆಗೂ ಇರುತ್ತದೆ, ಇದು ಕರಾವಳಿಯವರಿಗೆಲ್ಲ ಗೊತ್ತು, ನಮ್ಮಂಥ ಘಟ್ಟದ ಮೇಲಿನವರಿಗೆ ಗೊತ್ತಿಲ್ಲ. ಒಂದು ಅಲೆ ಅಂಚು ದಾಟಿ ಒಳಗೇ ಬಿತ್ತು. ಎಡಗಡೆ ಕೂತವರೆಲ್ಲ ಒದ್ದೆಯಾಗಿ ಕಿರುಚಿಕೊಂಡು ಬಲಗಡೆಗೆ ಸರಿದರು. ದೋಣಿ ವಾಲಿತು. ಬಲಗಡೆಯ ಅಂಚು ನೀರಿಗೆ ಒಂದು ಗೇಣು ಬಿಟ್ಟರೆ ಹೆಚ್ಚಿಲ್ಲ. ಆ ಗೇಣನ್ನು ಈಗಲೂ ಕೈಯಲ್ಲಿ ಅಳೆದು ತೋರಿಸಬಲ್ಲೆ. ದೋಣಿಯವನು ಬೈದು ಎಲ್ಲರನ್ನೂ ವಾಪಸ್ ಕೂರಿಸಿದ, ದಡ ಸೇರಿದೆವು, ಏನೂ ಆಗಲಿಲ್ಲ. ತಲೆಗೆ ಇನ್ನೂರು ರೂಪಾಯಿ ಇಸಿದುಕೊಂಡ. ಆ ರಾತ್ರಿಯೇ ಫೋನಿನಲ್ಲಿ ಜಾಕೆಟ್ ಹುಡುಕಲು ಶುರು ಮಾಡಿದೆ.

"ಏನೂ ಆಗಲ್ಲ" ಅನ್ನುವುದನ್ನು ನಮ್ಮ ಜಿಲ್ಲೆಯವರು ನಂಬಬಾರದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ದಡ ಕಣ್ಣಿಗೆ ಕಾಣುವಷ್ಟು ದೂರ. ಮಿತಿ ಮೀರಿ ಜನ, ಮೈಮೇಲೆ ಜಾಕೆಟ್ ಇಲ್ಲ. ಜನ ಒಂದೇ ಕಡೆ ಸರಿದರೆ ಏನಾಗುತ್ತದೆ ಅನ್ನುವುದಕ್ಕೆ ಕೇರಳದ ತೇಕಡಿ ಇದೆ. 2009ರ ಸೆಪ್ಟೆಂಬರ್ 30, ಕೆರೆಯ ದಡದಲ್ಲಿ ಪ್ರಾಣಿ ಕಾಣಿಸಿತು ಅಂತ ಜನ ಒಂದು ಪಕ್ಕಕ್ಕೆ ನುಗ್ಗಿದರು, ದೋಣಿ ಮಗುಚಿತು, 45 ಸಾವು. ಅದು ಕಡಲೂ ಅಲ್ಲ, ಅಲೆಯೂ ಇರಲಿಲ್ಲ.

ಸರಿ, ಜಾಕೆಟ್ಟಿಗೆ ಬರೋಣ. ಮೊದಲು ತರಿಸಿದ್ದು 700 ರೂಪಾಯಿಯದ್ದು. ಕಿತ್ತಳೆ ಬಣ್ಣ, ಮೂರು ಬಕಲ್, ನೋಡಲು ಏನೂ ಕಮ್ಮಿ ಇಲ್ಲ. ತೋಟದ ಕೆರೆಯಲ್ಲಿ ಹಾಕಿಕೊಂಡು ಹಾರಿದೆ. ನಾನು ಕೆಳಗೆ ಹೋದೆ, ಜಾಕೆಟ್ ಮೇಲೇ ಉಳಿಯಿತು! ಅಂದರೆ ಕಳಚಿಕೊಳ್ಳಲಿಲ್ಲ, ಕಿವಿಯವರೆಗೂ ಏರಿತು. ಗಲ್ಲ ಜಾಕೆಟ್ ಒಳಗೆ, ಬಾಯಿ ನೀರಿನ ಮಟ್ಟದಲ್ಲಿ, ಎರಡೂ ಕೈಯಲ್ಲಿ ಅದನ್ನು ಕೆಳಗೆ ಜಗ್ಗಿ ಹಿಡಿದುಕೊಳ್ಳುವುದೇ ಕೆಲಸ. ಈಜಲು ಕೈ ಎಲ್ಲಿದೆ? ದಂಡೆಯಲ್ಲಿ ಕೂತ ಅಪ್ಪ "ಅದನ್ನ ಬಿಚ್ಚಿಹಾಕಿ ಈಜು, ಬೇಗ ಬರ್ತೀಯ" ಅಂದರು. ಮಾರನೇ ದಿನ ರಿಟರ್ನ್.

ಆಮೇಲೆ ಒಂದಿಷ್ಟು ಓದಿಕೊಂಡೆ. ಎರಡನೆಯದರ ಕಂಪನಿ ಹೆಸರು ಬರೆಯುತ್ತಿಲ್ಲ, ದೂರೂ ಇದೆ, ಮತ್ತೆ ಹೆಸರಿಗಿಂತ ಒಳಗಿನ ಲೇಬಲ್ ಮುಖ್ಯ. ಲೇಬಲ್ ಮೇಲೆ ನ್ಯೂಟನ್ ಲೆಕ್ಕ ಇರುತ್ತದೆ: 50, 100, 150, 275. ಹತ್ತು ನ್ಯೂಟನ್ ಅಂದರೆ ಸುಮಾರು ಒಂದು ಕೆ.ಜಿ. ಎತ್ತುವ ಬಲ. ನಾನು 78 ಕೆ.ಜಿ., 50 ನ್ಯೂಟನ್ನಿನ ಐದು ಕೆ.ಜಿ. ಯಾವ ಮೂಲೆಗೆ ಅನಿಸಿತ್ತು. ಆದರೆ ನಮ್ಮ ಮೈಭಾರ ಬಹುಪಾಲು ನೀರೇ ಹೊರುತ್ತದೆ, ತಲೆ ಮೇಲಿಡಲು ನಾಲ್ಕೈದು ಕೆ.ಜಿ. ಸಿಕ್ಕರೆ ಸಾಕು. ವ್ಯತ್ಯಾಸ ಬೇರೆ ಕಡೆ ಇದೆ. 50ರದ್ದು ಈಜು ಬರುವವರಿಗೆ, ಎಚ್ಚರ ಇರುವವರಿಗೆ, ದಡದ ಹತ್ತಿರ. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿ ಕವುಚಿ ಬಿದ್ದರೆ ಅದು ನಿಮ್ಮನ್ನು ಹಾಗೇ ಕವುಚಿ ತೇಲಿಸುತ್ತದೆ ಅಷ್ಟೆ. 100ರಿಂದ ಮೇಲಿನವನ್ನು ಮುಖ ಆಕಾಶದ ಕಡೆ ಹೊರಳಿಸುವ ಹಾಗೆ ಮಾಡಿರುತ್ತಾರೆ. ಕತ್ತಿನ ಹಿಂದೆ ದಪ್ಪ ಕಾಲರ್ ಇರುವುದು ಅದಕ್ಕೇ. ಬೀಚುಗಳಲ್ಲಿ ಕೊಡುವ ತೆಳ್ಳಗಿನ ಅಂಗಿಗಳಿಗೆ ಕಾಲರೇ ಇರುವುದಿಲ್ಲ, ಗಮನಿಸಿ.

ನನ್ನದು 100ರದ್ದು, ಫೋಮ್ ತುಂಬಿದ್ದು. ಸಿಲಿಂಡರಿನಿಂದ ಗಾಳಿ ತುಂಬಿಕೊಳ್ಳುವವೂ ಇವೆ, ಹಗುರ, ಆದರೆ ಸಿಲಿಂಡರ್ ಸರಿಯಿದೆಯಾ ಅಂತ ಆಗಾಗ ನೋಡುತ್ತಿರಬೇಕು. ನನ್ನಂಥ ಮರೆಗುಳಿಗೆ ಫೋಮೇ ಸರಿ. ಮತ್ತೆ ಕೆರೆಗೆ ಹಾರಿದೆ. ಈ ಸಲ ತೊಡೆಸಂದಿಯಿಂದ ಹಾದು ಬರುವ ಪಟ್ಟಿ ಬಿಗಿದಿದ್ದೆ. ಮೇಲೆ ಬಂದ ಮೇಲೆ ಕೈಕಾಲು ಸಡಿಲ ಬಿಟ್ಟು, ಉಸಿರು ಹಿಡಿದು, ಬೇಕಂತಲೇ ಮುಖ ಕೆಳಗೆ ಹಾಕಿದೆ. ಮೂರು ನಾಲ್ಕು ಸೆಕೆಂಡ್. ಎದೆಯ ಹತ್ತಿರ ಯಾರೋ ಹಿಡಿದು ತಿರುಗಿಸಿದ ಹಾಗಾಯಿತು. ಕಣ್ಣು ಬಿಟ್ಟರೆ ಅಡಿಕೆ ಮರದ ತಲೆಗಳು, ಅದರ ಮೇಲೆ ಆಕಾಶ. ಅಪ್ಪ ಏನೂ ಮಾತಾಡಲಿಲ್ಲ, ಒಳಗೆ ಹೋಗಿ "ಎಷ್ಟು ಕೊಟ್ನಂತೆ ಅದಕ್ಕೆ" ಅಂತ ಅಮ್ಮನ ಹತ್ತಿರ ಕೇಳಿದರಂತೆ.

ಆ ತೊಡೆಸಂದಿಯ ಪಟ್ಟಿ ಬಗ್ಗೆ ಎರಡು ಮಾತು. ಹಾಕಿಕೊಂಡರೆ ನಡೆಯಲು ಕಿರಿಕಿರಿ, ನೋಡಲು ಇನ್ನೂ ಕೆಟ್ಟದಾಗಿ ಕಾಣುತ್ತದೆ, ಫೋಟೋ ತೆಗೆಸಿಕೊಳ್ಳುವವರು ಅದನ್ನು ನೇತಾಡಲು ಬಿಡುತ್ತಾರೆ. ಆದರೆ ನೀರಿಗೆ ಬಿದ್ದಾಗ ಜಾಕೆಟ್ ಕಿವಿಗೆ ಏರದಂತೆ ತಡೆಯುವುದು ಅದೇ. ಪಟ್ಟಿ ಇಲ್ಲದ ಜಾಕೆಟ್ ಕೊಟ್ಟರೆ ಒಂದು ಸಣ್ಣ ಪರೀಕ್ಷೆ ಮಾಡಿ. ಎಲ್ಲಾ ಬಕಲ್ ಹಾಕಿಕೊಂಡು, ಪಕ್ಕದವರಿಗೆ ಹೇಳಿ ಎರಡೂ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎತ್ತಿಸಿ. ಕಿವಿವರೆಗೆ ಬಂತಾ? ಹಾಗಾದರೆ ಅದು ದೊಡ್ಡದಾಯಿತು, ಬೇರೆ ಕೇಳಿ. ಮಕ್ಕಳಿಗಂತೂ ಇದನ್ನು ಮಾಡದೆ ದೋಣಿ ಹತ್ತಿಸಬೇಡಿ. ಕಳೆದ ವರ್ಷ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದಾಗ ಎಲ್ಲರಿಗೂ ಜಾಕೆಟ್ ಕೊಟ್ಟರು, ಅದು ಸರಿ, ಆದರೆ ಮಗಳಿಗೆ ಸಿಕ್ಕಿದ್ದು ನನ್ನ ಅಳತೆಯದ್ದು. ಎತ್ತಿ ನೋಡಿದೆ, ತಲೆ ಪೂರ್ತಿ ಮಾಯ. ಚಿಕ್ಕದು ಕೊಡಿ ಅಂದರೆ ಇದೇ ಇರೋದು ಅಂದರು. ಕೊನೆಗೆ ಸೊಂಟಕ್ಕೆ ನನ್ನ ಪಂಚೆ ಬಿಗಿದು ಸುತ್ತಿ ಕೂರಿಸಿಕೊಂಡೆ. ಅದೇನೂ ಸರಿಯಾದ ಉಪಾಯ ಅಲ್ಲ, ಬೇರೆ ದಾರಿ ತೋಚಲಿಲ್ಲ.

ಆ ಆರು ಕಿಲೋಮೀಟರ್ ದಾರಿಯಲ್ಲಿ ನನಗೆ ಹೆದರಿಕೆ ಆಗಿದ್ದು ನಡುಗಡಲಲ್ಲಿ ಅಲ್ಲ. ದೊಡ್ಡ ದೋಣಿ ದ್ವೀಪದ ದಂಡೆವರೆಗೆ ಹೋಗುವುದಿಲ್ಲ ಅಂತ ನೀರಿನ ಮಧ್ಯೆಯೇ ಚಿಕ್ಕ ದೋಣಿಗೆ ಇಳಿಸಿದರಲ್ಲ, ಆಗ. ಎರಡೂ ದೋಣಿ ಬೇರೆ ಬೇರೆ ತಾಳಕ್ಕೆ ಏರಿಳಿಯುತ್ತಿರುತ್ತವೆ. ಒಂದು ಕಾಲು ಇದರಲ್ಲಿ, ಒಂದು ಕಾಲು ಅದರಲ್ಲಿ, ಗಾದೆ ಮಾತಿನ ಎರಡು ದೋಣಿ ಅಂದರೆ ಇದೇ. ನನ್ನ ಮುಂದಿದ್ದವರು ಇಳಿಯಲು ಸುಲಭ ಆಗಲಿ ಅಂತ ಜಾಕೆಟ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು. ಬಿಚ್ಚಬಾರದ ಜಾಗವೇ ಅದು.

ಇನ್ನು ದೂರುಗಳು. ಜಾಕೆಟ್ ಜೊತೆ ಬಂದ ಸೀಟಿ, ಒಳಗೆ ಸಣ್ಣ ಗುಂಡು ಇರುವಂಥದ್ದು, ಒಣಗಿದ್ದಾಗ ಬಸ್ ಕಂಡಕ್ಟರ್ ಥರ ಊದುತ್ತದೆ, ನೀರು ಹೊಕ್ಕರೆ ಬರೀ ಫುಸ್. ನೀರಿಗೆ ಬಿದ್ದವನಿಗೇ ತಾನೇ ಸೀಟಿ ಬೇಕಾಗಿದ್ದು? ಗುಂಡು ಇಲ್ಲದ ಸೀಟಿ 60 ರೂಪಾಯಿಗೆ ಬೇರೆ ತಂದು ಕಟ್ಟಿದೆ. ಹೆಗಲ ಮೇಲಿನ ಮಿಂಚುವ ಪಟ್ಟಿ ಒಂದೇ ವರ್ಷಕ್ಕೆ ಅಂಚಿನಲ್ಲಿ ಏಳತೊಡಗಿತು, ಕಸ್ಟಮರ್ ಕೇರಿಗೆ ಮೂರು ಸಲ ಬರೆದೆ, ಉತ್ತರ ಇಲ್ಲ. ಬೇಸಿಗೆಯಲ್ಲಿ ಸೆಖೆ ವಿಪರೀತ. ತಪ್ಪು ನನ್ನದೂ ಒಂದಿದೆ. ಮೊದಲ ಆರು ತಿಂಗಳು ಡಿಕ್ಕಿಯಲ್ಲಿ ಅದರ ಮೇಲೆ ಗೊಬ್ಬರದ ಚೀಲ ಇಡುತ್ತಿದ್ದೆ. ಫೋಮ್ ಒತ್ತಿಹೋದರೆ ತೇಲುವ ಬಲ ಕಮ್ಮಿಯಾಗುತ್ತದೆ. ದೋಣಿಗಳಲ್ಲಿ ಜಾಕೆಟ್ಟನ್ನು ಮೆತ್ತೆ ಮಾಡಿಕೊಂಡು ವರ್ಷಗಟ್ಟಲೆ ಕೂರುತ್ತಾರಲ್ಲ, ಅವು ಅಪ್ಪಳದ ಹಾಗೆ ಆಗಿರುತ್ತವೆ. ಕೈಯಲ್ಲಿ ಹಿಚುಕಿ ನೋಡಿ, ಮತ್ತೆ ಉಬ್ಬದಿದ್ದರೆ ಬೇಡ ಅನ್ನಿ.

ಜಾಕೆಟ್ ಇದೆ ಅಂತ ಎಲ್ಲಿ ಬೇಕಾದರೂ ಕೂರುವುದೂ ತಪ್ಪು. ಸುತ್ತ ಮುಚ್ಚಿದ ದೋಣಿ ಮಗುಚಿದರೆ ಫೋಮ್ ಜಾಕೆಟ್ ನಿಮ್ಮನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಬಾಗಿಲು ಇರುವುದು ಕೆಳಗೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಗುಚಿದ್ದು ಎರಡು ಅಂತಸ್ತಿನ ದೋಣಿ, 22 ಜನ ಸತ್ತರು. ಅದಾದ ಮೇಲೆ ನಾನು ತೆರೆದ ಜಾಗ, ಅಂಚಿನ ಹತ್ತಿರ, ಬಿಸಿಲಾದರೂ ಅಲ್ಲೇ.

ಐದಕ್ಕೆ ಐದು ಕೊಡುವುದಾದರೆ ಜಾಕೆಟ್ಟಿಗಲ್ಲ, ಮುರುಡೇಶ್ವರದ ಒಬ್ಬ ತಂಡೇಲರಿಗೆ, ಅಂದರೆ ದೋಣಿ ನಡೆಸುವವರಿಗೆ. ನೇತ್ರಾಣಿ ದ್ವೀಪಕ್ಕೆ ಹೋಗಲು ದುಡ್ಡು ಕಟ್ಟಿದ್ದೆವು. ಹತ್ತಿರ ಹತ್ತಿರ 20 ಕಿ.ಮೀ. ತೆರೆದ ಕಡಲು. ಬೆಳಿಗ್ಗೆ ಏಳಕ್ಕೆ ದಡದಲ್ಲಿ ನಿಂತರೆ ನನ್ನ ಕಣ್ಣಿಗೆ ಎಲ್ಲ ಸರಿಯಾಗೇ ಕಂಡಿತು. ಅವರು ಫೋನಿನಲ್ಲಿ ಅಲೆ ಎತ್ತರದ ಮುನ್ಸೂಚನೆ ನೋಡಿದರು (ಹೈದರಾಬಾದಿನ ಇನ್‌ಕಾಯಿಸ್ ಅನ್ನುವ ಕಡಲ ಮಾಹಿತಿ ಸಂಸ್ಥೆ ಕೊಡುವುದು, ಯಾರು ಬೇಕಾದರೂ ನೋಡಬಹುದು), ಆಮೇಲೆ ಹತ್ತು ನಿಮಿಷ ಸುಮ್ಮನೆ ಪಡುವಣ ನೋಡುತ್ತಾ ನಿಂತರು. "ಹೋಗ್ಲಕ್ಕು, ಬರೂದು ಕಷ್ಟ" ಅಂದರು. ಜೊತೆಗಿದ್ದವರು ಜಗಳಕ್ಕೇ ಇಳಿದರು, ಬೆಂಗಳೂರಿಂದ ರಾತ್ರಿಯಿಡೀ ಬಸ್ಸಲ್ಲಿ ಬಂದಿದ್ದೇವೆ, ರಜೆ ಹಾಕಿದ್ದೇವೆ ಅಂತ. ಆ ಮನುಷ್ಯ ದುಡ್ಡು ಎಣಿಸಿ ವಾಪಸ್ ಕೊಟ್ಟರು. ಹನ್ನೊಂದರ ಹೊತ್ತಿಗೆ ದಡದಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾಗ ಕಡಲ ಮೇಲೆಲ್ಲ ಬಿಳಿ ನೊರೆ ಎದ್ದಿತ್ತು.

ಫೋನ್ ನೆನಪಾಯಿತು. ಕರಾವಳಿ ಕಾವಲು ಪೊಲೀಸರ ನಂಬರ್ 1093, ಕೋಸ್ಟ್ ಗಾರ್ಡ್‌ನದ್ದು 1554. ಜಾಕೆಟ್ ಒಳಗೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ. ಎರಡು ಸಲ ತೊಳೆದರೂ ಹೋಗಿಲ್ಲ.

ಕೊಳ್ಳುವವರು ನಿಮ್ಮ ತೂಕದ ಸಾಲನ್ನು ಲೇಬಲ್ಲಿನಲ್ಲಿ ನೋಡಿ ಕೊಳ್ಳಿ, ಎಕ್ಸೆಲ್ ಡಬಲ್ ಎಕ್ಸೆಲ್ ನೋಡಿ ಅಲ್ಲ. ಮಗಳಿಗೂ ಇದೇ ಮಾಡೆಲ್ ತರಿಸೋಣ ಅಂದುಕೊಂಡರೆ 30 ಕೆ.ಜಿ.ಗಿಂತ ಕೆಳಗಿನ ಅಳತೆ ನಾಲ್ಕು ತಿಂಗಳಿಂದ ಸ್ಟಾಕ್ ಇಲ್ಲ. ಯಾರಿಗಾದರೂ ಒಳ್ಳೆಯದು, ಕಾಲರ್ ಮತ್ತು ತೊಡೆಪಟ್ಟಿ ಇರುವುದು ಸಿಕ್ಕಿದ್ದರೆ ಹೇಳಿ. ಡಿಸೆಂಬರಿನಲ್ಲಿ ತದಡಿಯಿಂದ ಅಘನಾಶಿನಿಗೆ ದೋಣಿ ದಾಟುವುದಿದೆ, ಅಷ್ಟರೊಳಗೆ ಬೇಕು.