ಒಂದೇ ಗಿಟಾರಿನ ಫುಗಾಝಿ: ‘ಫಸ್ಟ್ ಡೆಮೊ’ ಧ್ವನಿಮುದ್ರಣದ ವಿಮರ್ಶೆ

ಅಮೆರಿಕದ ವಾಷಿಂಗ್ಟನ್ ನಗರದ ಪಂಕ್ ರಾಕ್ ಸಂಗೀತ ತಂಡ ಫುಗಾಝಿ 1988ರ ಜನವರಿಯಲ್ಲಿ ಸ್ಟುಡಿಯೋ ಹೊಕ್ಕಾಗ ಅದರ ಬೆನ್ನಿಗಿದ್ದದ್ದು ಹತ್ತು ಕಾರ್ಯಕ್ರಮಗಳ ಅನುಭವ ಮಾತ್ರ. ತಮ್ಮ ಹಾಡುಗಳು ಟೇಪಿನಲ್ಲಿ ಹೇಗೆ ಕೇಳಿಸುತ್ತವೆ ಎಂದು ನೋಡುವುದಷ್ಟೇ ಅವರ ಉದ್ದೇಶವಾಗಿತ್ತು. ಪಕ್ಕದ ವರ್ಜೀನಿಯಾ ರಾಜ್ಯದ ಆರ್ಲಿಂಗ್ಟನ್‌ನಲ್ಲಿ ಡಾನ್ ಝಿಂಟಾರಾ ಆಗ ತಮ್ಮ ಮನೆಯ ನೆಲಮಾಳಿಗೆಯಲ್ಲೇ ನಡೆಸುತ್ತಿದ್ದ ಇನ್ನರ್ ಇಯರ್ ಸ್ಟುಡಿಯೋದಲ್ಲಿ ಈ ಮುದ್ರಣ ನಡೆಯಿತು. ಹೀಗೆ ಸಿದ್ಧವಾದ ಡೆಮೊ, ಅಂದರೆ ಮಾದರಿ ಮುದ್ರಣದ ಟೇಪನ್ನು ತಂಡವು ಕ್ಯಾಸೆಟ್‌ಗಳಿಗೆ ಇಳಿಸಿ, ಕಾರ್ಯಕ್ರಮಕ್ಕೆ ಬಂದವರಿಗೆ ಬಿಟ್ಟಿಯಾಗಿ ಹಂಚಿತು. ಪ್ರತಿ ಮಾಡಿಕೊಂಡು ಇತರರಿಗೂ ಕೊಡಿ ಎಂದು ತಾನೇ ಹುರಿದುಂಬಿಸಿತು. ಅದೇ ಮುದ್ರಣವನ್ನು ಡಿಸ್ಕಾರ್ಡ್ ಎಂಬ ಧ್ವನಿಮುದ್ರಣ ಸಂಸ್ಥೆ 2014ರ ನವೆಂಬರ್‌ನಲ್ಲಿ ಹನ್ನೊಂದು ಹಾಡುಗಳ ಆಲ್ಬಮ್ಮಾಗಿ ಹೊರತಂದಿದೆ. ಮೂಲ ಕ್ಯಾಸೆಟ್‌ನಲ್ಲಿ ಇಲ್ಲದಿದ್ದ ‘ಟರ್ನ್ ಆಫ್ ಯುವರ್ ಗನ್ಸ್’ ಎಂಬ ಹಾಡೂ ಇದರಲ್ಲಿ ಸೇರಿದೆ.

ಈ ಆಲ್ಬಮ್ಮನ್ನು ಕೇವಲ ನೆನಪಿನ ಸರಕೆಂದು ಬದಿಗಿಡುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಕಾರಣ ಸರಳವಾಗಿದೆ: ಇಲ್ಲಿ ಇರುವುದು ಒಂದೇ ಗಿಟಾರು, ಅದನ್ನು ನುಡಿಸುವವರು ಇಯಾನ್ ಮೆಕಾಯ್. ಮುಂದೆ ಎರಡನೆಯ ಗಿಟಾರನ್ನು ಕೈಗೆತ್ತಿಕೊಂಡು ತಂಡದ ನಾದವನ್ನೇ ಬದಲಿಸಿದ ಗೀ ಪಿಚೊಟೊ ಆಗಷ್ಟೇ ಪೂರ್ಣಾವಧಿಯ ಸದಸ್ಯರಾಗಿದ್ದರು, ಮತ್ತು ಈ ಡೆಮೊದಲ್ಲಿ ಅವರು ಮುಖ್ಯ ಗಾಯಕರಾಗಿ ಹಾಡಿರುವುದು ‘ಬ್ರೇಕ್-ಇನ್’ ಒಂದನ್ನೇ. ಹೀಗಾಗಿ ಜೋ ಲಾಲಿಯವರ ಬೇಸ್ ಗಿಟಾರಿಗೂ ಬ್ರೆಂಡನ್ ಕ್ಯಾಂಟಿಯವರ ಡ್ರಮ್ಸ್‌ಗೂ ಧಾರಾಳವಾಗಿ ಜಾಗ ಸಿಕ್ಕಿದೆ. ಪಂಕ್ ಎಂದರೆ ಸಂದಿಲ್ಲದಂತೆ ತುಂಬಿದ ಗದ್ದಲ ಎಂದು ತಿಳಿದವರು ಮೊದಲ ಹಾಡು ‘ವೇಟಿಂಗ್ ರೂಮ್’ ಕೇಳಬೇಕು. ಬೇಸ್‌ನ ಒಂದು ಸಾಲು ಸುತ್ತಿ ಸುತ್ತಿ ಬರುತ್ತದೆ. ಉಳಿದ ವಾದ್ಯಗಳು ಅದರೊಂದಿಗೆ ಕೂಡಿಕೊಳ್ಳುತ್ತವೆ. ಹಾಡು ಇನ್ನೇನು ಏರಿತು ಎನ್ನುವಷ್ಟರಲ್ಲಿ ಎಲ್ಲವೂ ಒಟ್ಟಿಗೆ ನಿಂತುಬಿಡುತ್ತದೆ. ಆ ಮೌನ ಮುಗಿದು ಮೇಳ ಮತ್ತೆ ಒಮ್ಮೆಗೇ ಎದ್ದಾಗ, ನಾಲ್ವರೂ ಎಷ್ಟು ಗಮನವಿಟ್ಟು ಒಬ್ಬರನ್ನೊಬ್ಬರು ಆಲಿಸುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಜಮೈಕಾದ ರೆಗೇ ಸಂಗೀತದಿಂದ ಕಲಿತ ಈ ತಡೆದು ನುಡಿಸುವ ಗುಣ ಹತ್ತು ಕಾರ್ಯಕ್ರಮಗಳಷ್ಟು ಹಳೆಯ ತಂಡದಲ್ಲಿ ಇಷ್ಟು ಗಟ್ಟಿಯಾಗಿರುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ಎಲ್ಲ ಹಾಡುಗಳೂ ಇದೇ ಎತ್ತರದಲ್ಲಿಲ್ಲ. ‘ದ ವರ್ಡ್’ ನನ್ನ ಕಿವಿಗೆ ಇನ್ನೂ ಪೂರ್ತಿ ಹದಕ್ಕೆ ಬಾರದ ಹಾಡು.

ಡೆಮೊ ಎಂಬುದನ್ನು ಸಾಮಾನ್ಯವಾಗಿ ಮಾಡುವುದು ಧ್ವನಿಮುದ್ರಣ ಕಂಪನಿಗಳಿಗೋ ಕಾರ್ಯಕ್ರಮ ಏರ್ಪಡಿಸುವವರಿಗೋ ಕಳಿಸಿ, ನಮಗೊಂದು ಅವಕಾಶ ಕೊಡಿ ಎಂದು ಕೇಳುವುದಕ್ಕೆ. ಫುಗಾಝಿಗೆ ಆ ಅಗತ್ಯವಿರಲಿಲ್ಲ, ಏಕೆಂದರೆ ಡಿಸ್ಕಾರ್ಡ್ ಸಂಸ್ಥೆಯನ್ನು 1980ರಲ್ಲಿ ಜೆಫ್ ನೆಲ್ಸನ್ ಜೊತೆ ಸೇರಿ ಕಟ್ಟಿದವರು ಸ್ವತಃ ಮೆಕಾಯ್. ಆದ್ದರಿಂದ ಈ ಟೇಪು ನೇರವಾಗಿ ಕೇಳುಗರ ಕೈ ಸೇರಿತು. ನಮ್ಮಲ್ಲೂ ಖಾಲಿ ಕ್ಯಾಸೆಟ್ ಕೊಟ್ಟು ಅಂಗಡಿಯಲ್ಲಿ ಬೇಕಾದ ಹಾಡು ರೆಕಾರ್ಡ್ ಮಾಡಿಸಿಕೊಳ್ಳುತ್ತಿದ್ದ ಕಾಲವದು. ಪ್ರತಿಯಿಂದ ಪ್ರತಿ ಇಳಿಸಿದಂತೆಲ್ಲ ‘ಸುಯ್’ ಎಂಬ ಸದ್ದು ಹೆಚ್ಚಿ ಹಾಡು ಹಿಂದೆ ಸರಿಯುವುದನ್ನು ಆ ಪೀಳಿಗೆಯವರು ಬಲ್ಲರು. ಫುಗಾಝಿಯ ಡೆಮೊವನ್ನು ಕಾಲು ಶತಮಾನಕ್ಕೂ ಹೆಚ್ಚು ಕಾಲ ಜನ ಕೇಳಿದ್ದು ಬಹುಮಟ್ಟಿಗೆ ಅಂಥ ಪ್ರತಿಗಳಲ್ಲೇ. ಮಾರಾಟದ ಲೆಕ್ಕವಿಲ್ಲದ ಒಂದು ಧ್ವನಿಮುದ್ರಣಕ್ಕೆ ಸಿಕ್ಕ ಸ್ವಾಗತವನ್ನು ಅಳೆಯುವುದಾದರೆ, ಯಾರದೋ ಮನೆಯಲ್ಲಿ ಎರಡು ಟೇಪ್ ರೆಕಾರ್ಡರ್ ಜೋಡಿಸಿ ಇನ್ನೊಬ್ಬರಿಗಾಗಿ ಪ್ರತಿ ತೆಗೆದ ಆ ಶ್ರಮದಿಂದಲೇ ಅಳೆಯಬೇಕು. ಹಾಡು ಹಿಡಿಸದೆ ಯಾರೂ ಆ ಕಷ್ಟಪಡುವುದಿಲ್ಲ. 2014ರ ಆವೃತ್ತಿಯಲ್ಲಿ ಧ್ವನಿಯನ್ನು ಹೊಸದಾಗಿ ಮಾಸ್ಟರ್ ಮಾಡಿದ್ದಾರೆ (ಬಿಡುಗಡೆಗೆ ಮುನ್ನ ಅದರ ಮಟ್ಟವನ್ನು ಕೊನೆಯದಾಗಿ ಹದಗೊಳಿಸಿದ್ದಾರೆ), ಆದರೆ ಹಳೆಯ ಒರಟುತನವನ್ನು ನುಣುಪುಗೊಳಿಸಿಲ್ಲ. ಇದು ಸರಿಯಾದ ತೀರ್ಮಾನ.

ತಂಡದ ತೀರ್ಪು ಮಾತ್ರ ಕೇಳುಗರಿಗಿಂತ ಕಟುವಾಗಿತ್ತು. ಈ ಮುದ್ರಣದಿಂದ ಅವರು ಆಗ ಅಧಿಕೃತವಾಗಿ ಬಿಡುಗಡೆ ಮಾಡಿದ್ದು ‘ಇನ್ ಡಿಫೆನ್ಸ್ ಆಫ್ ಹ್ಯೂಮನ್ಸ್’ ಒಂದನ್ನೇ, ಅದೂ 1989ರ ಒಂದು ಸಹಾಯಾರ್ಥ ಸಂಕಲನದಲ್ಲಿ. ಉಳಿದವನ್ನು ಮತ್ತೆ ಮತ್ತೆ ತಿದ್ದಿ, ಬೇಕೆನಿಸಿದಾಗ ಹೊಸದಾಗಿ ಮುದ್ರಿಸಿದರು. 1988ರ ಜೂನ್‌ನಲ್ಲಿ ಅದೇ ಇನ್ನರ್ ಇಯರ್‌ನಲ್ಲಿ ಟೆಡ್ ನೈಸ್ಲಿಯವರ ನಿರ್ಮಾಣದಲ್ಲಿ ಮುದ್ರಿಸಿದ ಏಳು ಹಾಡುಗಳ ಮೊದಲ ಇಪಿಯಲ್ಲಿ (ಪೂರ್ಣ ಆಲ್ಬಮ್ಮಿಗಿಂತ ಚಿಕ್ಕ ಧ್ವನಿಮುದ್ರಿಕೆ) ಡೆಮೊದಿಂದ ಉಳಿದುಕೊಂಡವು ‘ವೇಟಿಂಗ್ ರೂಮ್’ ಮತ್ತು ‘ಬ್ಯಾಡ್ ಮೌತ್’ ಎರಡೇ. ಏಳರಲ್ಲಿ ನಾಲ್ಕನ್ನು ಪಿಚೊಟೊ ಹಾಡಿದ್ದಾರೆ. ಜನವರಿಯಲ್ಲಿ ಒಂದೇ ಹಾಡು ಸಿಕ್ಕಿದ್ದ ಗಾಯಕನಿಗೆ ಐದು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು! ‘ಮರ್ಚಂಡೈಸ್’ 1990ರ ‘ರಿಪೀಟರ್’ ಆಲ್ಬಮ್ಮಿನವರೆಗೆ ಕಾಯಿತು. ‘ಫರ್ನಿಚರ್’ ಅಂತೂ ಅಧಿಕೃತ ರೂಪದಲ್ಲಿ ಹೊರಬಂದದ್ದು 2001ರಲ್ಲಿ. ಒಳ್ಳೆಯ ಹಾಡನ್ನು ಹದಿಮೂರು ವರ್ಷ ಕೈಯಲ್ಲಿಟ್ಟುಕೊಂಡು ಕಾಯುವ ಸಹನೆ ಎಷ್ಟು ತಂಡಗಳಿಗೆ ಇದ್ದೀತು?

ಫುಗಾಝಿಯನ್ನು ಹಿಂದೆಂದೂ ಕೇಳದವರು ಈ ಡೆಮೊದಿಂದ ಆರಂಭಿಸಬಾರದೆಂದೇ ನನ್ನ ಸಲಹೆ. ಮೊದಲ ಎರಡು ಇಪಿಗಳನ್ನು ಒಟ್ಟುಗೂಡಿಸಿದ ‘13 ಸಾಂಗ್ಸ್’ ಮೊದಲು ಕೇಳಿ, ‘ರಿಪೀಟರ್’ ಆಮೇಲೆ, ಇದು ಮೂರನೆಯದಾಗಿರಲಿ. ಆದರೆ ಸ್ವಂತ ತಂಡ ಕಟ್ಟಿಕೊಂಡು, ಮೊದಲ ಮುದ್ರಣ ಅಚ್ಚುಕಟ್ಟಾಗಿ ಬರಲಿಲ್ಲವೆಂದು ಅದನ್ನು ಯಾರಿಗೂ ಕೇಳಿಸದೆ ಮುಚ್ಚಿಟ್ಟಿರುವ ಹುಡುಗ ಹುಡುಗಿಯರು ಇದನ್ನೇ ಮೊದಲು ಕೊಳ್ಳಲಿ, ‘ಮರ್ಚಂಡೈಸ್’ನ ಎರಡೂ ರೂಪಗಳನ್ನು ಒಂದರ ಹಿಂದೆ ಒಂದರಂತೆ ಹಾಕಿ ಕೇಳಲಿ.