ಎರಡು ಕಿವಿ, ಎರಡು ಬಗೆಯ ಆಪರೇಷನ್

ಆಪರೇಷನ್ ಆದಮೇಲೆ ನನ್ನ ಎರಡೂ ಕಿವಿ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತವೆ. ವ್ಯತ್ಯಾಸ ಕಂಡದ್ದು ತಲೆಸುತ್ತಿನಲ್ಲಿ.

ನನಗಿದ್ದದ್ದು ಒಟೋಸ್ಕ್ಲೆರೋಸಿಸ್ ಎಂಬ ಕಿವಿಯ ತೊಂದರೆ. ಅದು ಬಂದರೆ ನಡುಕಿವಿಯ ಸ್ಟೇಪಿಸ್ ಮೂಳೆ ಅಲುಗದಂತೆ ಬಿಗಿದುಕೊಳ್ಳುತ್ತದೆ. ಸುಮಾರು 3 ಮಿಲಿಮೀಟರ್ ಎತ್ತರದ ಮೂಳೆ ಅದು. ಅದು ಅಲುಗದಿದ್ದರೆ ಸದ್ದು ಒಳಕಿವಿಗೆ ಸರಿಯಾಗಿ ದಾಟುವುದಿಲ್ಲ. ನನ್ನ ಬಲಗಿವಿಗೆ ಮೊದಲು ಸ್ಟೆಪಿಡೆಕ್ಟಮಿ ಆಯಿತು. ಮೂಳೆಯನ್ನು ತಳದ ಸಮೇತ ತೆಗೆದು ಕೃತಕ ಮೂಳೆ ಕೂರಿಸಿದರು. 1956ರಲ್ಲಿ ಅಮೆರಿಕದ ಜಾನ್ ಶಿಯಾ ಹಾಕಿಕೊಟ್ಟ ದಾರಿ ಇದು. ಕೆಲವು ವರ್ಷಗಳ ನಂತರ ಎಡಗಿವಿಗೆ ಸ್ಟೆಪಿಡಾಟಮಿ. ಇದರಲ್ಲಿ ತಳವನ್ನು ಅಲ್ಲೇ ಬಿಟ್ಟು, ಲೇಸರ್‌ನಿಂದ 1 ಮಿಲಿಮೀಟರ್‌ಗಿಂತ ಚಿಕ್ಕ ತೂತು ಮಾಡಿ, ಸದ್ದು ದಾಟಿಸುವ ಪಿಸ್ಟನ್ ಎಂಬ ಪುಟ್ಟ ಕೃತಕ ಕಡ್ಡಿ ಇಳಿಸಿದರು.

ಬಲಗಿವಿಯ ನಂತರ ಒಂದು ವಾರ ಮಗ್ಗುಲು ಬದಲಿಸಲೂ ಹೆದರಿಕೆ. ಕಣ್ಣು ಮುಚ್ಚಿದರೆ ಮಂಚವೇ ತಿರುಗಿದ ಹಾಗೆ. ವಾಂತಿ ಬೇರೆ. ಹಗಲಿನಲ್ಲಿ ಬೇಗ ಸುಧಾರಿಸಿದೆ, ಆದರೆ ಎರಡು ತಿಂಗಳು ಕತ್ತಲಲ್ಲಿ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಕಣ್ಣಿನ ಆಸರೆ ತಪ್ಪಿದರೆ ಕಾಲಿಗೆ ನೆಲ ಎಲ್ಲಿದೆ ಅಂತಲೇ ತಿಳಿಯದು. ಸ್ಟೇಪಿಸ್ ತಳದ ಹಿಂದೆಯೇ ಸಮತೋಲ ಕಾಯುವ ಪುಟ್ಟ ಚೀಲಗಳಿವೆ. ತಳ ಪೂರ್ತಿ ತೆಗೆದರೆ ಅಲ್ಲಿನ ದ್ರವ ಜಾಸ್ತಿ ಕದಡುತ್ತದೆ, ಅಲ್ವಾ?

ಎಡಗಿವಿಯಲ್ಲಿ ಎರಡು ದಿನ ಸ್ವಲ್ಪ ತೇಲಿದಂತಾಯಿತು. ಮೂರನೇ ದಿನ ಯಾರ ಕೈಯೂ ಹಿಡಿಯದೆ ಓಡಾಡಿದೆ. ಸಣ್ಣ ತೂತಿಗೇ ಇದರ ಪೂರ್ತಿ ಶ್ರೇಯ ಕೊಡಲಾರೆ. ಸರ್ಜನ್ ಬೇರೆ, ಉಪಕರಣ ಬೇರೆ. ಆದರೂ ಮತ್ತೆ ಆರಿಸಬೇಕಾದರೆ ಸ್ಟೆಪಿಡಾಟಮಿಯನ್ನೇ ಕೇಳುತ್ತೇನೆ.

ಕೇಳುವ ಶಕ್ತಿ ತೋರಿಸುವ ನಕ್ಷೆ ಆಡಿಯೋಗ್ರಾಂ. ಅದರಲ್ಲಿ ಗಾಳಿಯ ಮೂಲಕ ಕೇಳುವ ಗೆರೆಗೂ ತಲೆಯ ಮೂಳೆಯ ಮೂಲಕ ಕೇಳುವ ಗೆರೆಗೂ ಇರುವ ಅಂತರ ಕಡಿಮೆಯಾದಷ್ಟೂ ಒಳ್ಳೆಯದು. ಎರಡೂ ಕಡೆ ಅದು 10 ಡೆಸಿಬಲ್ ಒಳಗೆ ಬಂತು. 4000 ಹರ್ಟ್ಸ್‌ನ ಕೀಚಲು ಸದ್ದಿನಲ್ಲಿ ಮಾತ್ರ ಎಡಗಿವಿ ಮುಂದೆ. ಸ, ಷ ಅಕ್ಷರಗಳು ಅಲ್ಲಿ ಹೆಚ್ಚು ಸ್ಪಷ್ಟ. ನಾಲಿಗೆಯಲ್ಲಿ ಲೋಹದ ರುಚಿ ಎರಡು ಸಲವೂ ಬಂತು, ಹೋಯಿತು.

ಆಪರೇಷನ್‌ಗೆ ಮೊದಲು ಹಿಯರಿಂಗ್ ಏಡ್ ಹಾಕುತ್ತಿದ್ದೆ. ಅದು ಒಳಕಿವಿಯನ್ನು ಮುಟ್ಟುವುದೇ ಇಲ್ಲ, ಅದೇ ಅದರ ದೊಡ್ಡ ಗುಣ. ಆಪರೇಷನ್‌ನಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಆ ಕಿವಿ ಪೂರ್ತಿ ಹೋಗಬಹುದು. ಹಾಗಾಗಿ ಎಡಗಿವಿಗೆ ಸುಮ್ನೆ ಒಪ್ಪಲಿಲ್ಲ. ಮೊದಲು ಕಿವಿಗೆ ಬೆಚ್ಚನೆಯ ನೀರು, ತಣ್ಣನೆಯ ನೀರು ಬಿಟ್ಟು ಕಣ್ಣಿನ ಚಲನೆಯಿಂದ ಸಮತೋಲ ನೋಡುವ ಪರೀಕ್ಷೆ ಮಾಡಿಸಿದರು. ಬಲಗಡೆಯ ಸಮತೋಲ ಕುಂದಿದ್ದರೆ ಎಡಗಿವಿಯನ್ನು ಮುಟ್ಟುವುದಿಲ್ಲ ಎಂದು ಸರ್ಜನ್ ಮೊದಲೇ ಹೇಳಿದ್ದರು. ಹಾಗಾಗಿದ್ದರೆ ನಾನು ಹಿಯರಿಂಗ್ ಏಡ್‌ನಲ್ಲೇ ಉಳಿಯುತ್ತಿದ್ದೆ, ಬೇಸರವಿಲ್ಲದೆ.