ಹಳೇ ಗೆಳೆಯನ ಕೈಗಡ, ಎಫ್‌ಡಿ ಸಾಲ, ಚಿನ್ನದ ಅಡವು: ಅರವತ್ತರ ನಂತರ ಯಾವುದು ಮೊದಲು?

ನಿವೃತ್ತಿಯಾದ ಮೇಲೆ ಒಂದೆರಡು ಲಕ್ಷ ತುರ್ತಾಗಿ ಬೇಕೆಂದರೆ ಮೊದಲು ನೆನಪಾಗುವವನು ಹಳೇ ಗೆಳೆಯ. ಅರ್ಜಿಯಿಲ್ಲ, ಬಡ್ಡಿಯಿಲ್ಲ. ಮೂರನ್ನೂ ಬಳಸಿ ನೋಡಿದ ಮೇಲೆ ನಾವು ಅವನನ್ನು ಕೊನೆಗಿಡುತ್ತೇವೆ.

ಎಫ್‌ಡಿ ಇದ್ದವರಿಗೆ ಅದರ ಮೇಲಿನ ಸಾಲವೇ ಅಗ್ಗ. ಸಾಮಾನ್ಯವಾಗಿ ಠೇವಣಿಯ ಶೇ 90ರವರೆಗೂ ಸಿಗುತ್ತದೆ. ಠೇವಣಿಗೆ ಶೇ 7 ಬಂದು ಸಾಲಕ್ಕೆ ಶೇ 8 ಆದರೆ, ಲಕ್ಷಕ್ಕೆ ವರ್ಷಕ್ಕೆ ಕೈಬಿಟ್ಟು ಹೋಗುವುದು ಒಂದು ಸಾವಿರ. ಜಂಟಿ ಠೇವಣಿಗೆ ಇಬ್ಬರ ಸಹಿಯೂ ಬೇಕು. ತೆರಿಗೆ ಉಳಿಸಲು ಇಟ್ಟ 5 ವರ್ಷದ ಠೇವಣಿಯ ಮೇಲೆ ಸಾಲ ಹುಟ್ಟುವುದಿಲ್ಲ.

ಚಿನ್ನಕ್ಕೆ ಅದೇ ದಿನ ದುಡ್ಡು, ಆದರೆ ಬಡ್ಡಿ ಪೂರ್ತಿ ನಿಮ್ಮ ಕೈಯಿಂದಲೇ. ಹರಳು, ಅರಗಿನ ತೂಕ ಕಳೆದು ಬೆಲೆ ಕಟ್ಟುತ್ತಾರೆ; ಕಲ್ಲಿನ ಓಲೆ ಬಿಟ್ಟು ಬಳೆ ಒಯ್ಯಿರಿ. ಅಸಲು, ಬಡ್ಡಿ ಎರಡನ್ನೂ ಕೊನೆಗೆ ಒಟ್ಟಿಗೆ ಕಟ್ಟುವ ಸಾಲವಾದರೆ 12 ತಿಂಗಳೊಳಗೆ ತೀರಿಸಬೇಕು. ತಪ್ಪಿದರೆ ನೋಟಿಸು, ಆಮೇಲೆ ಹರಾಜು.

ಇಷ್ಟಾಗಿಯೂ ಸಾಲದೆ ಬಂದದ್ದಕ್ಕೆ ಮಾತ್ರ ಗೆಳೆಯ. ಮೂವತ್ತರಲ್ಲಿ ಅವನು ಮುಂದಿನ ಸಂಬಳದಲ್ಲಿ ಸುಧಾರಿಸಿಕೊಳ್ಳುತ್ತಿದ್ದ. ಈಗ ಅವನ ಮನೆ ನಡೆಯುವುದೂ ಬಡ್ಡಿಯಲ್ಲೇ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ (ಎಸ್‌ಸಿಎಸ್‌ಎಸ್) ಖಾತೆಯನ್ನು ಅವನು ಒಂದು ವರ್ಷ ತುಂಬಿದ ಮೇಲೆ, ಎರಡು ತುಂಬುವ ಮೊದಲು ಮುಚ್ಚಿದರೆ ಅಸಲಿನಲ್ಲಿ ಶೇ 1.5 ಕಡಿತ, ಎರಡು ದಾಟಿದ್ದರೆ ಶೇ 1. ಇದನ್ನು ಅವನು ಬಾಯಿಬಿಟ್ಟು ಹೇಳುವವನಲ್ಲ. ಹಾಗಾಗಿ "ಆದಷ್ಟು ಕೊಡು" ಅನ್ನಬೇಡಿ. ಮೊತ್ತ, ಕಾರಣ, ತೀರಿಸುವ ತಿಂಗಳು, ಆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು, ಎಲ್ಲಾ ಹೇಳಿ: "ಮಂಡಿ ಆಪರೇಷನ್‌ಗೆ ಅರವತ್ತು ಸಾವಿರ ಕಮ್ಮಿ ಬಿದ್ದಿದೆ ಕಣೋ. ಜನವರಿಗೆ ಪಾಲಿಸಿ ದುಡ್ಡು ಬರುತ್ತೆ, ಆಗ ಕೊಡ್ತೀನಿ. ಎಫ್‌ಡಿ ಮುರೀಬೇಕು ಅಂದ್ರೆ ಬೇಡ." ಫೋನಿನಲ್ಲಿ ಕೇಳುವುದೇ ವಾಸಿ. ಮನೆಗೆ ಹೋಗಿ, ಅವನ ಹೆಂಡತಿ ಕೊಟ್ಟ ಕಾಫಿ ಹಿಡಿದು ಕೇಳಿದರೆ ಇಲ್ಲ ಅನ್ನಲು ಅವನಿಗೆ ದಾರಿಯೇ ಇರುವುದಿಲ್ಲ.

20,000 ಅಥವಾ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯಬೇಡಿ, ನಗದಾಗಿ ತೀರಿಸಲೂಬೇಡಿ. ಆದಾಯ ತೆರಿಗೆ ಕಾನೂನಿನಲ್ಲಿ ಅಷ್ಟೇ ಮೊತ್ತದ ದಂಡವಿದೆ. ಖಾತೆಯಿಂದ ಖಾತೆಗೆ ಬರಲಿ, ಷರಾದಲ್ಲಿ "ಕೈಗಡ" ಎಂದಿರಲಿ. ಸಾಲವೆಂಬುದಕ್ಕೆ ದಾಖಲೆ ಇಲ್ಲದಿದ್ದರೆ 50,000 ದಾಟಿದ ಮೊತ್ತವನ್ನು ಉಡುಗೊರೆ ಎಂದು ತೆರಿಗೆಗೆ ಎಳೆಯಬಹುದು. ಐವತ್ತು ವರ್ಷದ ಗೆಳೆಯನಾದರೂ ತೆರಿಗೆಯವರ ಲೆಕ್ಕದಲ್ಲಿ ಅವನು ಬಂಧುವಲ್ಲ! ಅವನು ಕೇಳದಿದ್ದರೂ ರೆವಿನ್ಯೂ ಸ್ಟಾಂಪ್ ಅಂಟಿಸಿ ಪ್ರಾಮಿಸರಿ ನೋಟು ಬರೆದುಕೊಡಿ. ವಸೂಲಿ ದಾವೆಗೆ ಕಾಲಮಿತಿ 3 ವರ್ಷ. ನೋಟು ಇರುವುದು ಎರಡೂ ಮನೆಯ ಮಕ್ಕಳಿಗೆ ಗೊತ್ತಿರಲಿ. ತೀರಿಸಿದ ದಿನ ಅದನ್ನು ವಾಪಸ್ ಪಡೆದು ಅವನೆದುರೇ ಹರಿದುಹಾಕಿ.